ಬೇಸಿಗೆ ಗಾಳಿಗೆ ಹೊಂದೋ ದಡ ಹುಡುಕಿದ್ದು: ನನ್ನ ಅನುಭವ

ವಿಂಡ್‌ಸರ್ಫಿಂಗ್ (ಬೋರ್ಡ್ ಮೇಲೆ ನಿಂತು, ಅದಕ್ಕೆ ಸಿಕ್ಕಿಸಿದ ಸೈಲ್ ಅಂದ್ರೆ ಹಾಯಿ ಹಿಡ್ಕೊಂಡು ಗಾಳಿ ಬಲದಲ್ಲಿ ನೀರಿನ ಮೇಲೆ ಸಾಗೋ ಆಟ) ಶುರು ಮಾಡಿದ ಮೊದಲನೇ ಬೇಸಿಗೆ ಪೂರ್ತಿ ಸಮುದ್ರದ ಒಂದೇ ದಡದಲ್ಲಿ ಒದ್ದಾಡಿದೆ. ಆ ಜಾಗ ಆರಿಸ್ಕೊಂಡಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ, ಗಾಡಿ ನೀರಿನ ಹತ್ರದವರೆಗೂ ಹೋಗ್ತಿತ್ತು, ಸೈಲ್ ಕಟ್ಟೋಕೆ ಮೆತ್ತಗಿನ ಹುಲ್ಲಿತ್ತು ಅಷ್ಟೇ. ಗಾಳಿ ಮಾತ್ರ ನೀರಿನ ಕಡೆಯಿಂದ ನೇರ ಎದೆಗೇ ಹೊಡೀತಿತ್ತು. ಹತ್ತು ಮೀಟರ್ ಹೋಗೋಷ್ಟರಲ್ಲಿ ಅಲೆ ಬೋರ್ಡನ್ನ ವಾಪಸ್ ತಂದು ಮರಳಿಗೆ ಎಸೆಯೋದು, ಬೋರ್ಡಿನ ಅಡಿಯಲ್ಲಿರೋ ರೆಕ್ಕೆ, ಫಿನ್, ನೆಲಕ್ಕೆ ಉಜ್ಜಿ ಕರ್ರ್ ಅನ್ನೋದು, ನಾನು ಮತ್ತೆ ಎಳ್ಕೊಂಡು ಹೋಗೋದು. ಇದು ನನ್ನ ಕೈಲಿ ಆಗೋದಲ್ಲ ಅಂತಾನೇ ಅಂದ್ಕೊಂಡಿದ್ದೆ.

ಆದ್ರೆ ಒಂದು ವಿಚಿತ್ರ ಏನಂದ್ರೆ, ಅದೇ ದಡದಲ್ಲಿ ನಾಲ್ಕು ಗಂಟೆ ಮೇಲೆ ಕೆಲವು ದಿನ ಸಲೀಸಾಗಿ ಹೋಗಿ ಬರ್ತಿದ್ದೆ. ಯಾಕೆ ಅಂತ ತಲೆ ಕೆಡಿಸ್ಕೊಂಡು ಒಂದು ಕೋಲಿಗೆ ರಿಬ್ಬನ್ ಕಟ್ಟಿ, ಕಂಪಾಸ್ ಇಟ್ಕೊಂಡು, ಎರಡು ವಾರ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕಕ್ಕೆ ಗಾಳಿ ದಿಕ್ಕು ಬರೆದಿಟ್ಟೆ. ಹತ್ತಕ್ಕೆ ರಿಬ್ಬನ್ ಜೋತು ಬಿದ್ದಿರ್ತಿತ್ತು. ಒಂದಕ್ಕೆ ನೇರ ದಡದ ಕಡೆ. ನಾಲ್ಕಕ್ಕೆ ನೋಡಿದ್ರೆ ಓರೆ! ಬಿಸಿಲಿಗೆ ನೆಲ ನೀರಿಗಿಂತ ಬೇಗ ಕಾಯುತ್ತೆ, ಅಲ್ಲಿನ ಗಾಳಿ ಮೇಲಕ್ಕೇರುತ್ತೆ, ಆ ಜಾಗಕ್ಕೆ ಸಮುದ್ರದ ತಣ್ಣನೆ ಗಾಳಿ ನುಗ್ಗುತ್ತೆ, ಇಷ್ಟು ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದು ಭೂಮಿ ತಿರುಗೋದ್ರಿಂದ ಹೊತ್ತು ಹೋದ ಹಾಗೆ ಆ ಗಾಳಿನೂ ವಾಲುತ್ತೆ ಅನ್ನೋದು, ಉತ್ತರಾರ್ಧಗೋಳದಲ್ಲಿ ಬಲಕ್ಕೆ, ದಕ್ಷಿಣದಲ್ಲಿ ಎಡಕ್ಕೆ.

ಆಮೇಲೆ ಮ್ಯಾಪ್ ಮೇಲೆ ಒಂದು ಗಂಟೆಯ ಬಾಣ, ನಾಲ್ಕು ಗಂಟೆಯ ಬಾಣ ಎರಡೂ ಎಳೆದು, ಯಾವ ದಡದ ಗೆರೆ ಬಾಣದ ಜೊತೆಜೊತೆಗೇ ಓಡುತ್ತೆ ಅಂತ ಹುಡುಕಿದೆ. ಅಂಥ ಕಡೆ ಗಾಳಿ ಪಕ್ಕದಿಂದ ಬರುತ್ತೆ, ಕ್ರಾಸ್‌ಶೋರ್ ಅಂತೀವಲ್ಲ ಅದು, ಹೋಗೋದೂ ಅದೇ ಗಾಳೀಲಿ ಬರೋದೂ ಅದೇ ಗಾಳೀಲಿ. ಇಲ್ಲೂ ಒಂದ್ಸಲ ಎಡವಿದೆ ಅನ್ನಿ, ಪಶ್ಚಿಮದ ಗಾಳಿ ಅಂದ್ರೆ ಪಶ್ಚಿಮದಿಂದ ಬರೋದು, ನಾನು ಅದನ್ನ ಪಶ್ಚಿಮದ ಕಡೆಗೆ ಬೀಸೋ ಗಾಳಿ ಅಂತ ತಿಳ್ಕೊಂಡು ಬಾಣನೆಲ್ಲಾ ಉಲ್ಟಾ ಎಳೆದಿದ್ದೆ.

ಹುಡುಕ್ತಾ ಹೋದಾಗ ಒಂದು ಕೊಲ್ಲಿ ಸಿಕ್ತು, ನೀರು ಕನ್ನಡಿ ಥರ. ಖುಷಿಯಾಗಿ ಇಳಿದೇಬಿಟ್ಟೆ. ಗಾಳಿ ನೆಲದಿಂದ ನೀರಿನ ಕಡೆಗಿತ್ತು, ಆಫ್‌ಶೋರ್, ಅದಕ್ಕೇ ದಡದ ಹತ್ರ ಅಲೆ ಎದ್ದಿರ್ಲಿಲ್ಲ, ಅದ್ರಲ್ಲೂ ಹಿಂದೆ ಎತ್ತರದ ಮರಗಳ ಸಾಲು. ಅಡ್ಡ ಇರೋದರ ಎತ್ತರದ ಹತ್ತು ಇಪ್ಪತ್ತು ಪಟ್ಟು ದೂರದವರೆಗೂ ಗಾಳಿ ಸತ್ತು, ಸುತ್ತಿ, ಹರಿದು ಹೋಗಿರುತ್ತೆ. ಅದು ದಾಟಿದ ಕೂಡ್ಲೇ ಗಸ್ಟ್, ಅಂದ್ರೆ ದಿಢೀರ್ ಬೀಸೋ ಜೋರು ಗಾಳಿ, ಬಡೀತು ನೋಡಿ, ಸೈಲ್ ಕೈಯಿಂದ ಕಿತ್ಕೊಂಡು ಹೋಯ್ತು. 10 ನಾಟ್ಸ್ (ಗಾಳಿ ವೇಗದ ಅಳತೆ) ಗಾಳಿ 14 ಆದ್ರೆ ಸಾಕು, ಸೈಲ್ ಮೇಲೆ ಬೀಳೋ ಬಲ ಹೆಚ್ಚುಕಡಿಮೆ ಡಬಲ್. ಎಷ್ಟು ಸಲ ಎತ್ತಿದ್ರೂ ಕೆಡವ್ತಿತ್ತು, ಪ್ರತಿಸಲಾನೂ ದಡ ಇನ್ನಷ್ಟು ದೂರ. ಕೊನೆಗೆ ಸೈಲ್ ಸುತ್ತಿ ಬೋರ್ಡ್ ಮೇಲೆ ಹಾಕ್ಕೊಂಡು, ಅದ್ರ ಮೇಲೆ ಬೋರಲು ಮಲಗಿ ಕೈಯಲ್ಲೇ ಹುಟ್ಟು ಹಾಕ್ತಾ ಒಂದು ಗಂಟೆ ಮೇಲೆ ದಡ ಮುಟ್ಟಿದೆ. ಬೋರ್ಡ್ ಬಿಟ್ಟು ಈಜೋಣ ಅಂತ ಒಂದು ಕ್ಷಣ ಅನ್ನಿಸಿತ್ತು, ಬಿಟ್ಟಿದ್ರೆ ಇದನ್ನ ಬರೀತಿರ್ಲಿಲ್ಲ.

ಹೆಸರುವಾಸಿ ಜಾಗಗಳದ್ದೂ ಇದೇ ಲೆಕ್ಕ. ಇಟಲಿಯ ಗಾರ್ಡಾ ಸರೋವರದಲ್ಲಿ ಬೆಳಿಗ್ಗೆ ಉತ್ತರದಿಂದ ಪೆಲೆರ್, ಮಧ್ಯಾಹ್ನ ದಕ್ಷಿಣದಿಂದ ಓರಾ, ಒಂದೇ ನೀರಿಗೆ ಎರಡು ಗಾಳಿ. ಅಮೆರಿಕದ ಕೊಲಂಬಿಯಾ ನದಿ ಕಣಿವೇಲಿ ಬೇಸಿಗೆ ಗಾಳಿ ಪಶ್ಚಿಮದಿಂದ ಬರುತ್ತೆ, ನದಿ ಪಶ್ಚಿಮಕ್ಕೆ ಹರಿಯುತ್ತೆ, ಹಾಗಾಗಿ ಗಾಳಿ ತಳ್ಳಿದವರನ್ನ ನೀರೇ ಸ್ವಲ್ಪ ವಾಪಸ್ ಎಳೀತದೆ.

ಈಗ ನೋಟ್‌ಬುಕ್‌ನಲ್ಲಿ ಮೂರು ಜಾಗ ಇದೆ, ಪ್ರತಿಯೊಂದಕ್ಕೂ ಪಕ್ಕದಲ್ಲಿ ಗಂಟೆ ಬರೆದಿದೆ. ಮೋಡ ಮುಚ್ಚಿದ ದಿನ ಗಾಳಿ ಸರಿಯಾಗಿ ಏಳಲ್ಲ, ಅವತ್ತು ಹೋಗೋದೇ ಇಲ್ಲ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಿಸಿದ್ರೆ 12 ನಾಟ್ಸ್ ಹತ್ರ ಇದೆ ಅಂತ ಅಂದಾಜು ಮಾಡಿ ಸೈಲ್ ಕಟ್ಟೋದು. ಹಳೇ ದಡನೂ ಬಿಟ್ಟಿಲ್ಲ, ಸಂಜೆ ಗಾಳಿ ಓರೆಯಾದ್ರೆ ಅಲ್ಲಿಗೇ ಹೋಗೋದು, ಅಷ್ಟು ಒಳ್ಳೆ ಹುಲ್ಲು ಬೇರೆಲ್ಲೂ ಸಿಕ್ಕಿಲ್ಲ.