ಸ್ಕೇಟಿಂಗ್ ಕಾಂಪಿಟಿಶನ್ ಡ್ರೆಸ್: ರೊಕ್ಕ ಎಲ್ಲೆ ಹಾಕಬೇಕು, ಎಲ್ಲೆ ಉಳಿಸಬೇಕು

ಫಿಗರ್ ಸ್ಕೇಟಿಂಗಿನ್ಯಾಗ ಡ್ರೆಸ್ಸಿಗೆ ಮಾರ್ಕ್ಸ್ ಇಲ್ಲ, ಇದನ್ನ ಮೊದಲ ತಲ್ಯಾಗ ಇಟ್ಕೊಳ್ರಿ. ಐಸ್ ಮ್ಯಾಲಿನ ಸ್ಕೇಟಿಂಗಿಗೆ ಐಎಸ್‌ಯು (ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಘ) ಪದ್ಧತಿಯೊಳಗ ಜಂಪು, ಸ್ಪಿನ್ನು, ಸ್ಟೆಪ್ಪಿಗೆ ಮಾರ್ಕ್ಸ್ ಇರ್ತಾವ, ಆಮ್ಯಾಲೆ ಕಾಂಪೋಸಿಶನ್, ಪ್ರೆಸೆಂಟೇಶನ್, ಸ್ಕೇಟಿಂಗ್ ಸ್ಕಿಲ್ಸ್ ಅಂತ ಮೂರು ಕಾಂಪೊನೆಂಟು, 2022ರಿಂದ ಈ ಮೂರ ಅವ. ಡ್ರೆಸ್ ಅಂತ ಬ್ಯಾರೆ ಖಾನೆ ಎಲ್ಲೂ ಇಲ್ಲ. ಕಟ್ ಮಾಡೂದಕ್ಕ ಮಾತ್ರ ಅದ. ಡ್ರೆಸ್ ನಿಯಮಕ್ಕ ವಿರುದ್ಧ ಇದ್ರ ಒಂದು ಪಾಯಿಂಟ್ ಹೋಗ್ತದ, ಡ್ರೆಸ್ಸಿಂದ ಗರಿ, ಹೂವು ಏನರ ಕಳಚಿ ಐಸ್ ಮ್ಯಾಲೆ ಬಿದ್ರ ಅದಕ್ಕೂ ಒಂದು ಪಾಯಿಂಟ್. ಸಿಂಗಲ್ ಆಕ್ಸೆಲ್ ಜಂಪಿನ ಬೇಸ್ ವ್ಯಾಲ್ಯೂ, ಅಂದ್ರ ಮೂಲ ಮಾರ್ಕ್ಸ್, ಬರೇ 1.10 ಅದ, ಅಂದ್ರ ಸಡ್ಲಾಗಿ ಹಚ್ಚಿದ ಒಂದು ಗರಿ ಬಿತ್ತಂದ್ರ ಆ ಕೂಸು ಬಿದ್ದು ಎದ್ದು ಕಲ್ತ ಆಕ್ಸೆಲ್ಲೇ ಹೋದಂಗ ಲೆಕ್ಕ. ಹಿಂಗಾಗಿ ರೊಕ್ಕ ಕಡಿಮಿ ಇದ್ದವರು ಹೆದರೋ ಕಾರಣ ಇಲ್ಲರಿ. ರೊಕ್ಕ ಹಾಕಬೇಕಾದ್ದು ಫಿಟಿಂಗಿಗೆ ಮತ್ತ ಹೊಲಿಗಿಗೆ. ಮಿಂಚು ಆಮ್ಯಾಲಿನ ಮಾತು.

ಪುಣೆ, ಮುಂಬಯಿ ಕಡೆ ನಮ್ಮ ಹುಡುಗ್ರು ದಿನಾ ಪ್ರಾಕ್ಟೀಸ್ ಮಾಡೂದು ಹೆಚ್ಚಾಗಿ ಚಕ್ರದ ಸ್ಕೇಟಿನ ಮ್ಯಾಲೆ, ಆರ್ಟಿಸ್ಟಿಕ್ ರೋಲರ್ ಅಂತಾರಲ್ಲ ಅದು, ಐಸ್ ಬೇಕಂದ್ರ ಗುರುಗ್ರಾಮದ ಮಾಲ್ ರಿಂಕು ಇಲ್ಲಾ ಡೆಹ್ರಾಡೂನಿನ ರಿಂಕಿಗೆ ಹೋಗ್ಬೇಕು. ಎರಡಕ್ಕೂ ನಿಯಮದ ಪುಸ್ತಕ ಬ್ಯಾರೆ ಬ್ಯಾರೆ. ಅದಕ್ಕ ಅರಿವಿ ತರೂಕಿಂತ ಮೊದಲ ಕೋಚ್ ಹತ್ರ ಕೂತು ಯಾವ ಕಾಂಪಿಟಿಶನ್, ಯಾವ ಏಜ್ ಗ್ರೂಪ್, ಮ್ಯೂಸಿಕ್ ಯಾವುದು ಅಂತ ಪಕ್ಕಾ ಮಾಡ್ಕೊಳ್ರಿ. ಐಸಿನ ನಿಯಮದೊಳಗ ಡ್ರೆಸ್ ಮರ್ಯಾದಸ್ಥ ಇರ್ಬೇಕು, ಆಟಕ್ಕ ತಕ್ಕಂಗ ಇರ್ಬೇಕು, ನಾಟಕದ ವೇಷದಂಗ ಇರಬಾರದು ಅಂತ ಅದ, ಕೈಯಾಗ ಏನೂ ಹಿಡಕೊಳ್ಳೋ ಹಂಗೂ ಇಲ್ಲ. ಹುಡುಗ್ಯಾರಿಗೆ ಸ್ಕರ್ಟೇ ಬೇಕು ಅನ್ನೂದು ಹಳೇ ಮಾತು. 1988ರ ಕ್ಯಾಲ್ಗರಿ ಒಲಿಂಪಿಕ್ಸ್ ಹೊತ್ನ್ಯಾಗ ಪೂರ್ವ ಜರ್ಮನಿಯ ಸ್ಕೇಟರ್ ಕಟರಿನಾ ವಿಟ್ ಹಾಕಿದ್ದ ಗರಿ ಡ್ರೆಸ್ ಮ್ಯಾಲೆ ದೊಡ್ಡ ಗದ್ದಲ ಆಗಿ, ಆಮ್ಯಾಲೆ ಸೊಂಟದ ಕೆಳಗ ಮುಚ್ಚೋ ಸ್ಕರ್ಟ್ ಕಡ್ಡಾಯ ಆತು, 2004ರಾಗ ಆ ನಿಯಮ ತಗದ್ರು. ಈಗ ಸಿಂಗಲ್ಸ್ ಆಡೋ ಹುಡುಗಿ ಪೂರ್ತಿ ಕಾಲಿನ ಯೂನಿಟಾರ್ಡ್ (ಮೈ, ಕಾಲು ಎರಡೂ ಮುಚ್ಚೋ ಒಂದೇ ತುಂಡಿನ ಡ್ರೆಸ್) ಹಾಕಿದ್ರೂ ನಡೀತದ. ಥಂಡಿ ರಿಂಕಿಗೆ ನನಗಂತೂ ಅದ ಛಲೋ ಅನಸ್ತದ.

ಈಗ ಫಿಟಿಂಗ್. ಇಲ್ಲೆ ಸ್ವಲ್ಪ ನಿಧಾನ ಓದ್ರಿ, ಯಾಕಂದ್ರ ಸೋವಿ ಡ್ರೆಸ್ ಸೋವಿ ಅಂತ ಕಾಣೂದು ಇಲ್ಲೇ. ನಮ್ಮ ಟೇಲರ್‌ಗಳು ಎದಿ, ಸೊಂಟ, ಹಿಪ್ ಅಳತಿ ತುಗೊಂಡು ಮುಗೀತು ಅಂತಾರ, ಸ್ಕೇಟಿಂಗ್ ಡ್ರೆಸ್ಸಿಗೆ ಅದು ಸಾಲೂದಿಲ್ಲ. ಭುಜದ ನಟ್ಟನಡುವಿಂದ ಟೇಪ್ ಹಿಡದು ಮುಂದಿಂದ ಕೆಳಗ ತಂದು, ಎರಡೂ ಕಾಲಿನ ನಡುವ ತುಗೊಂಡು, ಬೆನ್ನ ಮ್ಯಾಲಿಂದ ವಾಪಸ್ ಅದೇ ಭುಜಕ್ಕ ತರ್ಬೇಕು. ಈ ಸುತ್ತಳತಿ ಕಡಿಮಿ ಬಿತ್ತಂದ್ರ ಹುಡುಗಿ ಕೈ ಎತ್ತಿದಾಗೊಮ್ಮೆ ಡ್ರೆಸ್ ಕೆಳಗಿಂದ ಜಗ್ತದ, ಒಂದು ಕಾಲು ಎತ್ತಿ ಜಾರೋ ಸ್ಪೈರಲ್‌ನ್ಯಾಗ ಕಾಲು ಎತ್ತೂಕೆ ಆಗೂದಿಲ್ಲ, ಹೆಚ್ಚು ಬಿತ್ತಂದ್ರ ಹೊಟ್ಟಿ ಮ್ಯಾಲೆ ಸುಕ್ಕು ನಿಲ್ತದ. ಈ ಅಳತಿ ತಾಯಿನೇ ಮನ್ಯಾಗ ತಗದು ಚೀಟಿ ಮ್ಯಾಲೆ ಬರದು ಟೇಲರ್ ಕೈಯಾಗ ಕೊಡೂದು ಛಲೋ, ಕೂಸಿಗೂ ಸಂಕೋಚ ಆಗೂದಿಲ್ಲ. ಅಳತಿ ತಗಿಯೋವಾಗ ಕೈ ಎರಡೂ ಮ್ಯಾಲೆ ಎತ್ತಿಸಿ ಒಂದು ಸಲ, ಮುಂದ ಬಗ್ಗಿಸಿ ಒಂದು ಸಲ ನೋಡ್ರಿ. ಬೆಳೀತಾಳ ಅಂತ ದೊಡ್ಡದು ಹೊಲಸಬ್ಯಾಡ್ರಿ. ಶಾಲಿ ಯೂನಿಫಾರ್ಮಿಗೆ ಅದು ನಡೀತದ, ಇದಕ್ಕ ನಡ್ಯೂದಿಲ್ಲ, ಸಡ್ಲ ಅರಿವಿ ಸ್ಪಿನ್ನಿನ್ಯಾಗ ತಿರುಗಿ ಕೂಡ್ತದ.

ಟೇಲರ್ ಯಾರು ಅನ್ನೂದು ಅರಿವಿಕಿಂತ ದೊಡ್ಡದು. ಬ್ಲೌಸ್ ಭಾಳ ಚಂದ ಹೊಲಿಯೋರು ಲೈಕ್ರಾ, ಅಂದ್ರ ಈ ಡ್ರೆಸ್ಸಿನ ಜಗ್ಗೋ ಅರಿವಿ, ಹೊಲಿತಾರ ಅಂತ ಗ್ಯಾರಂಟಿ ಇಲ್ಲ. ಓವರ್‌ಲಾಕ್ ಮಷಿನ್ ಇರ್ಬೇಕು, ಜಿಗ್‌ಜ್ಯಾಗ್ ಹೊಲಿಗಿ ಹಾಕೋದು ಬರ್ಬೇಕು, ಬಾಲ್‌ಪಾಯಿಂಟ್ ಸೂಜಿ ಇರ್ಬೇಕು, ಸಾದಾ ಚೂಪು ಸೂಜಿ ಲೈಕ್ರಾದ ಎಳಿ ಕತ್ತರಿಸಿ ಸಣ್ಣ ಸಣ್ಣ ತೂತು ಮಾಡ್ತದ. ಜಿಮ್ನಾಸ್ಟಿಕ್ಸ್, ಸ್ವಿಮ್ಮಿಂಗ್ ಡ್ರೆಸ್ ಇಲ್ಲಾ ಶಾಲಿ ಗ್ಯಾದರಿಂಗಿನ ಡ್ಯಾನ್ಸ್ ಡ್ರೆಸ್ ಹೊಲಿಯೋರನ್ನ ಹುಡುಕ್ರಿ. ಆರ್ಡರ್ ಕೊಡೂಕಿಂತ ಮೊದಲ ಒಂದು ತುಂಡು ಅರಿವಿ ಮ್ಯಾಲೆ ಹೊಲಿಗಿ ಹಾಕಿಸಿ "ತಾಣೂನ್ ಬಘಾ" (ಮರಾಠಿದಾಗ ಜಗ್ಗಿ ನೋಡ್ರಿ) ಅಂದು ಅವರ ಕೈಲೇನ ಜಗ್ಗಸ್ರಿ, ದಾರ ಪಟ್ ಅಂದ್ರ ಬ್ಯಾರೆ ಅಂಗಡಿ ನೋಡ್ರಿ. ಬೆಳಗಾವಿ ಹುಬ್ಬಳ್ಳಿ ಕಡೆ ಹೊಲಿಗಿ ಸೋವಿ ಅಂತ ಅಳತಿ ಬರದು ಊರಿಗೆ ಕಳಸೋರು ಇದ್ದಾರ, ಆದ್ರ ನಡುವ ಒಂದು ಫಿಟಿಂಗ್ ಬೇಕೇ ಬೇಕು, ಕೂಸು ಇಲ್ಲೆ ಅರಿವಿ ಅಲ್ಲೆ ಆದ್ರ ಹೆಂಗ್ರಿ?

ಅರಿವಿಗೆ ಪುಣೆದಾಗ ರವಿವಾರ ಪೇಠೆ ಸುತ್ರಿ, ಲೇಸು ಸಾಮಾನಿಗೆ ಅಲ್ಲೇ ಹತ್ರ ಬೋಹ್ರಿ ಆಳಿ ಮತ್ತ ತುಳಶೀಬಾಗ್ ಅವ. ಮುಂಬಯಿದವರಿಗೆ ಮಂಗಳದಾಸ್ ಮಾರ್ಕೆಟ್, ಭುಲೇಶ್ವರ. ಕೇಳಬೇಕಾದ್ದು ಫೋರ್ ವೇ ಲೈಕ್ರಾ. ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆ ಜಗ್ಗಿ ನೋಡ್ರಿ, ಹತ್ತು ಸೆಂಟಿಮೀಟರ್ ಹಿಡದ್ರ ಹದಿನೈದರ ಮಟ ಬರ್ಬೇಕು, ಬಿಟ್ಟ ಕೂಡ್ಲೆ ವಾಪಸ್ ಹೋಗ್ಬೇಕು, ಜಗ್ಗಿದಾಗ ಒಳಗಿನ ಬಿಳಿ ಎದ್ದು ಕಾಣಬಾರದು. ಸಣ್ಣ ಹುಡುಗಿಗೆ ಮೈಭಾಗಕ್ಕ ಒಂದು ಮೀಟರ್ ಸಾಕಾಗ್ತದ, ಸ್ವಲ್ಪ ಹೆಚ್ಚಿಗೆ ತುಗೊಳ್ರಿ, ಯಾಕ ಅನ್ನೂದು ಆಮ್ಯಾಲೆ ಹೇಳ್ತೀನಿ. ಕೈಗೆ, ಕುತಗಿಗೆ ಹಾಕೋ ಸ್ಕಿನ್ ಕಲರ್ ನೆಟ್ಟು ಆನ್‌ಲೈನ್ ತರಿಸಬ್ಯಾಡ್ರಿ, ಅದು ಹೊರದೇಶದ ಬಿಳಿ ಮೈಗೆ ಮಾಡಿದ ಬಣ್ಣ ಇರ್ತದ, ನಮ್ಮ ಮಕ್ಕಳ ಮ್ಯಾಲೆ ಬ್ಯಾಂಡೇಜ್ ಸುತ್ತಿದಂಗ ಕಾಣ್ತದ. ಮಗಳನ್ನ ಅಂಗಡಿಗೆ ಕರಕೊಂಡು ಹೋಗಿ, ಟ್ಯೂಬ್‌ಲೈಟಿನ ಕೆಳಗ ಅಲ್ಲ ಹೊರಗ ಬಿಸಲಾಗ ನಿಂತು, ಅವಳ ಕೈ ಮ್ಯಾಲೆ ಇಟ್ಟು ಆರಸ್ರಿ. ಸರಿ ಬಣ್ಣ ಸಿಗಲಿಲ್ಲ ಅಂದ್ರ ತಿಳಿ ಬಣ್ಣದ ನೈಲಾನ್ ನೆಟ್ ತಂದು ಚಹಾದ ಡಿಕಾಕ್ಷನ್‌ನ್ಯಾಗ ನೆನಸ್ರಿ, ನೈಲಾನ್ ಬಣ್ಣ ಹಿಡೀತದ, ಪಾಲಿಯೆಸ್ಟರ್ ಹಿಡ್ಯೂದಿಲ್ಲ.

ಸ್ಕರ್ಟಿಗೆ ಹೊಸ ಅರಿವಿ ಬ್ಯಾಡ. ಮನ್ಯಾಗ ಹಳೇ ಜಾರ್ಜೆಟ್ ಇಲ್ಲಾ ಶಿಫಾನ್ ಸೀರಿ ಇದ್ದೇ ಇರ್ತದ, ಅದರ ಛಲೋ ಭಾಗ ನೋಡಿ ಗೋಲ್ ಸ್ಕರ್ಟ್ ಕತ್ತರಿಸ್ರಿ, ಅಂಚಿಗೆ ಸೀರಿ ಫಾಲ್ ಪಿಕೋ ಮಾಡೋ ಅಂಗಡ್ಯಾಗ ಪಿಕೋ ಹಾಕಸ್ರಿ, ಅಷ್ಟ. ಸ್ಪಿನ್ ಮಾಡಿದಾಗ ಅದು ಎಷ್ಟು ಚಂದ ಹಾರ್ತದ ನೋಡ್ರಿ, ಆ ಸೀರಿ ಉಟ್ಟ ಅಜ್ಜಿಗೆ ಅದನ್ನ ರಿಂಕಿನ ಮ್ಯಾಲೆ ನೋಡೋ ಖುಷಿನೇ ಬ್ಯಾರೆ. ಕ್ಯಾನ್‌ಕ್ಯಾನ್, ಆರ್ಗೆಂಜಾದಂಥ ಬಿರುಸು ಅರಿವಿ ಬ್ಯಾಡ, ಅದು ನಿಂತು ಬಿಡ್ತದ, ಸೊಂಟದ ಲೈನ್ ಮುಚ್ತದ. ಜಾನಪದ ಮ್ಯೂಸಿಕ್ ಇದ್ರ ಇಳಕಲ್ ಸೀರಿನೇ ಹಚ್ಚೂಣು ಅನಸ್ತದ, ನನಗೂ ಆ ಆಸೆ ಅದ, ಆದ್ರ ಸೆರಗಿನ ತೂಕ ಮತ್ತ ಜಗ್ಗದ ಅರಿವಿ ಎರಡೂ ತೊಂದ್ರಿ. ಬದಲಿಗೆ ಅದರ ಕೆಂಪು ತುಗೊಳ್ರಿ, ಕಸೂತಿಯ ಗೋಪುರದ ಡಿಸೈನ್ ಫ್ಯಾಬ್ರಿಕ್ ಪೇಂಟ್‌ಲೇ ಎದಿ ಮ್ಯಾಲೆ ಬಿಡಸ್ರಿ.

ಬಣ್ಣ ಆರಿಸೋವಾಗ ನೆಲ ನೋಡ್ರಿ. ಬಿಳಿ ಐಸ್ ಮ್ಯಾಲೆ ತಿಳಿ ಗುಲಾಬಿ, ಆಕಾಶ ನೀಲಿ ಎಲ್ಲಾ ಮಾಸಿ ಹೋಗ್ತಾವ, ವೈನ್, ರಾಯಲ್ ಬ್ಲೂ, ಗಾಢ ಹಸಿರು ನಿಲ್ತಾವ. ರೋಲರ್ ರಿಂಕಿಗೆ ನೆಲದ ಪೇಂಟ್ ಯಾವುದೋ ಆ ಬಣ್ಣ ಬಿಟ್ಟು ಬ್ಯಾರೆ. ದೊಡ್ಡ ಕಾಂಪಿಟಿಶನ್ನಿನ ಐಸ್ ರಿಂಕು 60 ಮೀಟರ್ ಉದ್ದ 30 ಮೀಟರ್ ಅಗಲದ ಮಟ ಇರ್ತದ, ಜಡ್ಜ್‌ಗಳು ಒಂದು ಕಡೆ ಕೂತಿರ್ತಾರ, ಅಷ್ಟು ದೂರಿಂದ ಸಣ್ಣ ಎಂಬ್ರಾಯ್ಡರಿ ಯಾರಿಗೂ ಕಾಣೂದಿಲ್ಲ. ಅರಿವಿ ತುಂಡನ್ನ ಯಾರದರ ಮೈ ಮ್ಯಾಲೆ ಹೊದಿಸಿ ರಿಂಕಿನ ಆ ತುದಿಗೆ ನಿಲ್ಲಸ್ರಿ, ಈ ತುದಿಯಿಂದ ಮೊಬೈಲ್‌ದಾಗ ಫೋಟೋ ತಗೀರಿ, ಉತ್ತರ ಅದರಾಗ ಸಿಗ್ತದ.

ಸ್ಟೋನ್ಸ್ ಹಚ್ಚೋದರಾಗ ರೊಕ್ಕ ಭಾಳ ಹಾಳಾಗ್ತದ. ಅಕ್ರಿಲಿಕ್ ಸ್ಟೋನ್ ಅಂಗಡ್ಯಾಗ ಮಿಂಚ್ತಾವ, ದೂರಿಂದ ಸಪ್ಪಗ, ಗಾಜಿನವು ಸ್ವಲ್ಪ ತುಟ್ಟಿ ಆದ್ರ ಕಡಿಮಿ ಹಚ್ಚಿದ್ರೂ ಕಾಣ್ತಾವ. ಒಂದು ಗ್ರೋಸ್ ಅಂದ್ರ 144, ಎಸ್‌ಎಸ್16 ಮತ್ತ ಎಸ್‌ಎಸ್20 ಸೈಜ್ ಒಂದೊಂದು ಗ್ರೋಸ್ ತುಗೊಂಡು ಕುತಗಿ, ಭುಜದ ಹತ್ರ ಒತ್ತಾಗಿ ಹಚ್ಚಿ ಕೆಳಗ ಬಂದಂಗ ವಿರಳ ಮಾಡ್ರಿ. ಡ್ರೆಸ್ಸನ್ನ ಹುಡುಗಿ ಮೈಯಷ್ಟ ದಪ್ಪ ಇರೋ ದಿಂಬಿಗೆ ಜಗ್ಗಿ ಹಾಕಿ ಹಚ್ಚಬೇಕು, ಸಡ್ಲ ಅರಿವಿ ಮ್ಯಾಲೆ ಹಚ್ಚಿದ್ರ ಮೈಗೆ ಹಾಕಿದಾಗ ಅಂಟು ಬಿಡ್ತದ. ಫೆವಿಕಾಲ್ ಬ್ಯಾಡ, ಒಣಗಿ ಬಿರುಸಾಗ್ತದ, ಬಿ-7000 ನಂಥ ಜಗ್ಗೋ ಗಮ್ ತುಗೊಳ್ರಿ, ಕಿಟಕಿ ತಗದು ಹಚ್ಚಿ ಒಂದು ಪೂರ್ತಿ ದಿನ ಮುಟ್ಟಬ್ಯಾಡ್ರಿ. ಒಣಗಿದ ಮ್ಯಾಲೆ ಒಂದೊಂದನ್ನೂ ಉಗುರಿಲೆ ಕಿತ್ತು ನೋಡ್ರಿ, ಬರೋದಿದ್ರ ಮನ್ಯಾಗ ಬರಲಿ. ಬಗಲಾಗ, ತೊಡಿ ಒಳಗ, ಬಿದ್ದಾಗ ನೆಲಕ್ಕ ತಾಕೋ ಸೊಂಟದ ಬಾಜೂಕ ಸ್ಟೋನ್ ಬ್ಯಾಡ. ಗರಿ, ಲಟಕನ್, ಮಣಿ ಸರ ಪೂರ್ತಿ ಬಿಡ್ರಿ.

ರೆಡಿಮೇಡ್ ಫುಲ್ ಸ್ಲೀವ್ ಲಿಯೋಟಾರ್ಡ್ (ಕಾಲಿಲ್ಲದ, ಮೈಗೆ ಹತ್ತಿ ಕೂಡೋ ಒಂದೇ ತುಂಡಿನ ಡ್ರೆಸ್) ತಂದು ಅದಕ್ಕ ಸೀರಿ ಸ್ಕರ್ಟ್ ಹಚ್ಚೂದು ಎಲ್ಲಾಕಿಂತ ಸೋವಿ ದಾರಿ, ಮೊದಲನೇ ಕಾಂಪಿಟಿಶನ್ನಿಗೆ ಇದ ಸಾಕು. ಇಲ್ಲಾಂದ್ರ ಕ್ಲಬ್ಬಿನ ದೊಡ್ಡ ಹುಡುಗ್ಯಾರ ಹಳೇ ಡ್ರೆಸ್ ಕೇಳ್ರಿ, ನಾಚಿಕಿ ಬ್ಯಾಡ, ಅವೂ ಕಪಾಟದಾಗ ಸುಮ್ನ ಬಿದ್ದಿರ್ತಾವ. ತುಗೊಳ್ಳೋಕಿಂತ ಮೊದಲ ಬೆಳಕಿಗೆ ಹಿಡದು ಜಗ್ಗಿ ನೋಡ್ರಿ, ಒಳಗ ಸಣ್ಣ ರಬ್ಬರ್ ಎಳಿ ಹರದು ಮ್ಯಾಲೆ ಬಂದಿದ್ರ ಆ ಲೈಕ್ರಾ ಮುಗದದ. ಹುಡುಗ್ರಿಗೆ ಜಗ್ಗೋ ಪ್ಯಾಂಟು, ಪಾದದ ಕೆಳಗ ಇಲಾಸ್ಟಿಕ್ ಪಟ್ಟಿ, ಮತ್ತ ಶರ್ಟ್ ಪ್ಯಾಂಟಿಂದ ಹೊರಗ ಬರದಂಗ ಕೆಳಗ ಬಾಡಿಸೂಟಿನಂಗ ಹೊಲಿಸಿದ್ರ ಆತು.

ಹುಕ್ಕಿನ ಮ್ಯಾಲೆ ನಂಬಿಕಿ ಇಡಬ್ಯಾಡ್ರಿ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನ್ಯಾಗ ಜೋಡಿಯಾಗಿ ಆಡೋ ಐಸ್ ಡಾನ್ಸಿನ್ಯಾಗ ಫ್ರಾನ್ಸಿನ ಗಾಬ್ರಿಯೆಲಾ ಪಾಪಡಾಕಿಸ್ ಅವರ ಕುತಗಿ ಹುಕ್ಕು ಶಾರ್ಟ್ ಡಾನ್ಸ್ ಶುರು ಆಗ್ತಿದ್ದಂಗ ಬಿಚ್ಚಿತ್ತು, ಪೂರ್ತಿ ಪ್ರೋಗ್ರಾಮ್ ಹಂಗೇ ಮುಗಸಬೇಕಾತು, ಕೊನಿಗೆ ಅವರ ಜೋಡಿಗೆ ಬೆಳ್ಳಿ ಬಂತು. ಒಲಿಂಪಿಕ್ಸಿನ ಡ್ರೆಸ್ಸಿಗೇ ಹಿಂಗಾದ್ರ ನಮ್ಮದು ಹೆಂಗ ತಡೀತದ? ಕುತಗಿಗೆ ಒಂದರ ಜಾಗಾದಾಗ ಎರಡು ಹುಕ್ಕು ಹಾಕಸ್ರಿ, ಕಾಂಪಿಟಿಶನ್ ದಿನ ಡ್ರೆಸ್ ಹಾಕಿದ ಮ್ಯಾಲೆ ಅದರ ಮ್ಯಾಲೆ ಸೂಜಿ ದಾರದ ನಾಕು ಹೊಲಿಗಿ ಹಾಕ್ರಿ. ಸೇಫ್ಟಿ ಪಿನ್ ಹಾಕಿ ರಿಂಕಿಗೆ ಬಿಡೂದು ಬ್ಯಾಡವೇ ಬ್ಯಾಡ, ಬಿಚ್ಚಿದ್ರ ಕೂಸಿಗೆ ಚುಚ್ತದ.

ಡ್ರೆಸ್ ಕೈಗೆ ಬರೂದು ಕಾಂಪಿಟಿಶನ್ನಿಗೆ ಎರಡು ವಾರ ಮೊದಲ ಇರ್ಬೇಕು. ಅದನ್ನ ಹಾಕ್ಕೊಂಡು, ಟೈಟ್ಸೂ ಅದೇ, ಕೂದಲಾನೂ ಅದೇ ಥರಾ ಕಟ್ಟಿ ಪೂರ್ತಿ ಪ್ರೋಗ್ರಾಮ್ ಮ್ಯೂಸಿಕ್ ಜೊತಿಗೆ ಮಾಡಸ್ರಿ. ಸಿಟ್ ಸ್ಪಿನ್ನಿನ್ಯಾಗ ಸ್ಕರ್ಟ್ ಸ್ಕೇಟಿಗೆ ಸಿಗ್ತದೇನು, ಕೈ ಎತ್ತಿದಾಗ ಭುಜ ಜಾರ್ತದೇನು, ಬೇಕಂತನ ಒಂದು ಸಲ ಬಿದ್ದು ಎದ್ರ ಏನಾಗ್ತದ, ವಿಡಿಯೋ ಮಾಡಿ ನೋಡ್ರಿ. ಸಿಮೆಂಟ್ ರಿಂಕಿನ ಮ್ಯಾಲೆ ಬಿದ್ರ ನೆಟ್ಟು, ಟೈಟ್ಸು ಹರೀತಾವ, ಅದಕ್ಕ ಟೈಟ್ಸ್ ಎರಡು ಜೋಡಿ ಇರಲಿ. ಮಗಳು "ಇಲ್ಲೆ ಚುಚ್ತದ" ಅಂದ್ರ ಚುಚ್ತದ ಅಂತಲೇ ಅರ್ಥ, ಚಂದ ಕಾಣ್ತದ ಸುಮ್ಮನಿರು ಅನ್ನಬ್ಯಾಡ್ರಿ, ಬಿಚ್ಚಿ ಸರಿ ಮಾಡ್ರಿ. ಜಂಪಿಗೆ ಹೋಗೋವಾಗ ಅವಳ ಲಕ್ಷ್ಯ ಡ್ರೆಸ್ ಮ್ಯಾಲೆ ಇರಬಾರದು.

ಮುಗದ ಮ್ಯಾಲೆ ತಣ್ಣೀರಾಗ ಕೈಲೇ ತೊಳದು ನೆರಳಾಗ ಮಲಗಿಸಿ ಒಣಸ್ರಿ, ಮಷಿನ್ ಬ್ಯಾಡ, ಹಿಂಡೂದೂ ಬ್ಯಾಡ. ಅರಿವಿ ಸ್ವಲ್ಪ ಹೆಚ್ಚಿಗೆ ತುಗೊಳ್ರಿ ಅಂದಿದ್ದು ಇದಕ್ಕ: ಮುಂದಿನ ವರ್ಷ ಹುಡುಗಿ ಉದ್ದ ಆದಾಗ ಮೈಭಾಗವನ್ನ ಸೊಂಟದ ಹತ್ರ ಕತ್ತರಿಸಿ ಅದೇ ಅರಿವಿಯ ಎರಡು ಇಂಚಿನ ಪಟ್ಟಿ ನಡುವ ಸೇರಿಸಬಹುದು, ಸ್ಕರ್ಟ್ ಹಚ್ಚೋ ಜಾಗದಾಗ ಆ ಜೋಡಣಿ ಮುಚ್ಚಿ ಹೋಗ್ತದ. ಉಳದ ಲೈಕ್ರಾ, ನೆಟ್ಟು, ಹತ್ತಿಪ್ಪತ್ತು ಸ್ಟೋನು ಎಲ್ಲಾ ಒಂದು ಕವರಿನ್ಯಾಗ ಹಾಕಿ ಡ್ರೆಸ್ ಜೋಡಿನೇ ಇಡ್ರಿ, ಬ್ಯಾರೆ ಹುಡುಗಿಗೆ ಕೊಡೋವಾಗ ಆ ಕವರೂ ಕೊಡ್ರಿ.