ಎಜ್ರಿನ್ ಮೇಲಿನ ಫಾಸ್ಫೇಟ್ ಹುಡುಕುತ್ತಾ ಕಲಿತದ್ದು

ಮೊದಲ ಮೂರು ಸಲ ನನ್ನ ಕವರ್‌ಸ್ಲಿಪ್, ಅಂದರೆ ಕೋಶ ಬೆಳೆಸಿದ ತೆಳು ಗಾಜಿನ ತುಂಡು, ಸೂಕ್ಷ್ಮದರ್ಶಕದಲ್ಲಿ ಪೂರ್ತಿ ಕಪ್ಪಾಗಿ ಕಂಡಿತು. ಕೋಶಗಳು ಚೆನ್ನಾಗಿದ್ದವು, ಹುಡುಕುವ ಪ್ರೋಟೀನನ್ನು ಹಿಡಿದು ಹೊಳೆಯಿಸುವ ಆಂಟಿಬಾಡಿ ಹೊಸದು. ಆದರೂ ಫಾಸ್ಫೇಟ್ ಅಂಟಿದ ಎಜ್ರಿನ್ ಎಂಬ ಪ್ರೋಟೀನ್ ಸಿಗಲೇ ಇಲ್ಲ.

ನಾನು ಬೆಳೆಸುತ್ತಿದ್ದದ್ದು ಜೆಇಜಿ-3 ಕೋಶಗಳನ್ನು. ಮಾನವ ಪ್ಲಾಸೆಂಟಾದ ಗೆಡ್ಡೆಯಿಂದ ಬಂದ ಕೋಶಗಳಿವು. ಮೇಲ್ಮೈಯಲ್ಲಿ ಮೈಕ್ರೋವಿಲ್ಲೈ, ಅಂದರೆ ಪುಟ್ಟ ಬೆರಳಿನಂಥ ಚಾಚುಗಳು, ದಟ್ಟವಾಗಿರುತ್ತವೆ. ಪಕ್ಕದಲ್ಲಿ, ತಳದಲ್ಲಿ ಇರುವುದಿಲ್ಲ. ಆ ಕಡೆಯೂ ಪೊರೆ ಇದೆ, ಕೋಶಕ್ಕೆ ಆಕಾರ ಕೊಡುವ ಎಳೆಗಳ ಪ್ರೋಟೀನ್ ಆಕ್ಟಿನ್ ಇದೆ. ಹಾಗಿದ್ದೂ ಮೇಲೆ ಮಾತ್ರ ಯಾಕೆ ಅನ್ನುವುದೇ ನನ್ನ ಪ್ರಶ್ನೆ.

ಪೊರೆಯನ್ನು ಆಕ್ಟಿನ್‌ಗೆ ಕಟ್ಟಿಹಾಕುವ ಪ್ರೋಟೀನ್ ಎಜ್ರಿನ್. ಸುಮ್ನೆ ಇರುವಾಗ ಅದರ ತಲೆಯೂ ಬಾಲವೂ ಒಂದಕ್ಕೊಂದು ಅಂಟಿಕೊಂಡು ಮುಚ್ಚಿರುತ್ತದೆ. ಪೊರೆಯ ಒಳಪದರದ ಪಿಐಪಿ2 ಎಂಬ ಕೊಬ್ಬು ಅದನ್ನು ಸಡಿಲಿಸುತ್ತದೆ. ಆಮೇಲೆ ಕೈನೇಸ್ ಎಂಬ ಕಿಣ್ವ ಬಂದು 567ನೇ ಸ್ಥಾನದ ಥ್ರಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಹಚ್ಚಿದರೆ ಎಜ್ರಿನ್ ತೆರೆದೇ ಉಳಿಯುತ್ತದೆ. ತಲೆ ಪೊರೆಯನ್ನು ಹಿಡಿಯುತ್ತದೆ, ಬಾಲ ಆಕ್ಟಿನ್ ಅನ್ನು.

ನನ್ನ ತೊಂದರೆ ಇದ್ದದ್ದು ತೊಳೆಯುವ ಹಂತದಲ್ಲಿ. ಫಿಕ್ಸ್ ಮಾಡುವ, ಅಂದರೆ ಕೋಶವನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವ ಮೊದಲು ನಿಧಾನವಾಗಿ ಎರಡು ಸಲ ಬಫರ್‌ನಲ್ಲಿ ತೊಳೆಯುತ್ತಿದ್ದೆ. ಅಷ್ಟರಲ್ಲೇ ಫಾಸ್ಫೇಟ್ ಹೋಗಿಬಿಡುತ್ತಿತ್ತು. ಆಮೇಲೆ ತೊಳೆಯುವುದನ್ನೇ ಬಿಟ್ಟೆ. ಮೀಡಿಯಾ ಹೀರಿ ತೆಗೆದ ಕೂಡಲೇ ತಣ್ಣನೆಯ 10% ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಸುರಿದು, 15 ನಿಮಿಷ ಐಸ್ ಮೇಲಿಟ್ಟೆ. ಅವತ್ತು ಕೋಶದ ಮೇಲ್ಮೈ ತುಂಬಾ ಸಣ್ಣ ಸಣ್ಣ ಚುಕ್ಕಿಗಳು ಹೊಳೆದವು. ಒಂದೊಂದೇ ಪದರ ತೋರಿಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಫೋಕಸ್ ಕೆಳಗಿಳಿಸಿದಂತೆ ಎಲ್ಲ ಮಾಯ. ಎಷ್ಟು ಖುಷಿಯಾಯಿತು ಅಂದರೆ, ಆ ಒಂದೇ ಕೋಶವನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿ ನೋಡಿದೆ. ಇದನ್ನು ಮಾಡಹೊರಟವರಿಗೆ ಒಂದು ಮಾತು: ಟಿಸಿಎ ಹಾಕಿದ ಕೋಶಕ್ಕೆ, ಆಕ್ಟಿನ್ ತೋರಿಸಲು ಬಳಸುವ ಫಲೋಯಿಡಿನ್ ಹಿಡಿಯುವುದಿಲ್ಲ. ಆಕ್ಟಿನ್ ನೋಡಲು ಇನ್ನೊಂದು ಕವರ್‌ಸ್ಲಿಪ್ ಅನ್ನು ಫಾರ್ಮಾಲ್ಡಿಹೈಡ್‌ನಲ್ಲೇ ಫಿಕ್ಸ್ ಮಾಡಿ.

ಆ ಕಪ್ಪು ಕವರ್‌ಸ್ಲಿಪ್‌ಗಳಲ್ಲೇ ಉತ್ತರದ ಒಂದು ಭಾಗ ಇತ್ತು. ಫಾಸ್ಫೇಟ್ ಒಮ್ಮೆ ಅಂಟಿಸಿ ಬಿಡುವ ವಸ್ತುವಲ್ಲ. ಕೈನೇಸ್ ಹಚ್ಚುತ್ತಲೇ ಇರುತ್ತದೆ, ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಕಿತ್ತುಹಾಕುತ್ತಲೇ ಇರುತ್ತದೆ. ಕೈನೇಸ್ ಸ್ವಲ್ಪ ಹಿಂದೆ ಬಿದ್ದರೂ ಫಾಸ್ಫಟೇಸ್ ಗೆಲ್ಲುತ್ತದೆ. ಕೈನೇಸ್‌ಗಳನ್ನು ತಡೆಯುವ ಸ್ಟೌರೋಸ್ಪೋರಿನ್ ಹಾಕಿ ನೋಡಿದೆ. ಕೆಲವೇ ನಿಮಿಷಗಳಲ್ಲಿ ಹೊಳಪು ಆರಿತು, ಮೈಕ್ರೋವಿಲ್ಲೈ ಕೂಡ ಹೋದವು.

ಹಾಗಾದರೆ ಫಾಸ್ಫೇಟ್ ಯಾವಾಗಲೂ ಇರುವ ಹಾಗೆ ಮಾಡಿದರೆ ಮೈಕ್ರೋವಿಲ್ಲೈ ಜಾಸ್ತಿ ಆಗಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. 567ರಲ್ಲಿ ಥ್ರಿಯೋನಿನ್ ಬದಲು ಗ್ಲುಟಮೇಟ್ ಇರುವ ಎಜ್ರಿನ್ ಹಾಕಿದೆ. ಫಾಸ್ಫೇಟ್ ಇದ್ದಂತೆ ನಟಿಸುವ ರೂಪ ಅದು. ಅದು ಮೇಲೆ ನಿಲ್ಲಲಿಲ್ಲ. ಪಕ್ಕಕ್ಕೂ ತಳಕ್ಕೂ ಹರಡಿತು. ಫಾಸ್ಫಟೇಸ್ ತಡೆಯುವ ಕ್ಯಾಲಿಕ್ಯುಲಿನ್ ಹಾಕಿದಾಗಲೂ ಹೀಗೇ ಆಯಿತು. ತೆರೆದ ಎಜ್ರಿನ್‌ಗೆ ತನ್ನ ಜಾಗ ಯಾವುದು ಅಂತ ಗೊತ್ತಿಲ್ಲ. ಜಾಗ ತೋರಿಸುವುದು ಕೈನೇಸ್.

ಆ ಕೈನೇಸ್‌ಗಳು ಎಲ್‌ಒಕೆ ಮತ್ತು ಎಸ್‌ಎಲ್‌ಕೆ. ಕಾರ್ನೆಲ್ ವಿಶ್ವವಿದ್ಯಾಲಯದ ಆಂಥನಿ ಬ್ರೆಚರ್ ಅವರ ತಂಡ 2012ರಲ್ಲಿ ಇದನ್ನು ತೋರಿಸಿಕೊಟ್ಟಿತು. ಎರಡೂ ಮೈಕ್ರೋವಿಲ್ಲೈನಲ್ಲೇ ಹೆಚ್ಚಾಗಿ ಸೇರಿಕೊಂಡಿದ್ದು, ಅಲ್ಲೇ ಚುರುಕಾಗುತ್ತವೆ. ಅವುಗಳ ಕೆಲಸಕ್ಕೆ ಕಡಿವಾಣ ಇಲ್ಲದಂತೆ ಮಾಡಿದರೆ ಎಜ್ರಿನ್ ಮತ್ತೆ ಪಕ್ಕಕ್ಕೆ ಜಾರುತ್ತದೆ. ಅಂದರೆ ಮೇಲೆ ಹಚ್ಚುವುದು, ಉಳಿದ ಕಡೆ ಕೀಳುವುದು, ಎರಡೂ ಬೇಕು. ಕೋಶದ ಮೇಲು ಕೆಳಗು ಉಳಿಯುವುದು ಈ ನಿಲ್ಲದ ಓಡಾಟದಿಂದ.

ಆಮೇಲೆ ಎರಡೂ ಕೈನೇಸ್ ಇಲ್ಲದ ಕೋಶಗಳನ್ನು ಬೆಳೆಸಿದೆ. ಮೈಕ್ರೋವಿಲ್ಲೈ ಇರಲಿಲ್ಲ, ಅದು ನಿರೀಕ್ಷೆ ಮಾಡಿದ್ದೇ. ಕಣ್ಣು ಹಿಡಿದದ್ದು ಬೇರೆ. ಮೇಲ್ಭಾಗದಲ್ಲಿ ಆಕ್ಟಿನ್ ದಪ್ಪ ದಪ್ಪ ಕಟ್ಟುಗಳಾಗಿ ಹೆಣೆದುಕೊಂಡಿತ್ತು, ಜೊತೆಗೆ ಆಕ್ಟಿನ್ ಎಳೆದು ಬಿಗಿಸುವ ಮಯೋಸಿನ್-2. ಈ ಎಜ್ರಿನ್ ದಾರಿ, ಆ ಬಿಗಿತಕ್ಕೆ ಚಾಲನೆ ಕೊಡುವ ಆರ್‌ಎಚ್‌ಒಎ ಎಂಬ ಪ್ರೋಟೀನನ್ನೂ ಮೇಲ್ಭಾಗದಲ್ಲಿ ಹಿಡಿತದಲ್ಲಿಡುತ್ತದೆ. ಹಿಡಿತ ತಪ್ಪಿದರೆ ಬೆರಳುಗಳಾಗಬೇಕಿದ್ದ ಆಕ್ಟಿನ್ ಬಿಗಿಯುವ ಹಗ್ಗವಾಗುತ್ತದೆ. ಈಗ ನನ್ನ ಇನ್‌ಕ್ಯುಬೇಟರ್‌ನಲ್ಲಿರುವುದು ಅವೇ ಕೋಶಗಳು. ಈ ಸಲ ಎಲ್‌ಒಕೆಯನ್ನು ಮತ್ತೆ ಹಾಕಿ, ಆ ಹಗ್ಗಗಳು ಮೊದಲು ಬಿಚ್ಚುತ್ತವೋ ಬೆರಳುಗಳು ಮೊದಲು ಮೂಡುತ್ತವೋ ನೋಡಬೇಕು.