ಪಂಪ್ ಇಲ್ಲದ ಸುತ್ತು

ಚಿಂತಾಮಣಿಯಲ್ಲಿ ಸೋಲಾರ್ ಹೀಟರ್ ಕೂರಿಸುವುದು ನನ್ನ ಕೆಲಸ. ಒಂಬತ್ತನೇ ಕ್ಲಾಸಿನ ಮಗಳು ವಿಜ್ಞಾನ ಪ್ರದರ್ಶನಕ್ಕೆ ಅಣು ವಿದ್ಯುತ್ ಸ್ಥಾವರದ ಮಾಡೆಲ್ ಬೇಕೆಂದು ಹಟ ಹಿಡಿದಳು. ಥರ್ಮಾಕೋಲಿನಲ್ಲಿ ಒಂದು ಗುಮ್ಮಟ ಮಾಡಿದರೆ ಆಯ್ತು ಅಂದೆ. ‘ಅಲ್ಲಪ್ಪಾ, ಕರೆಂಟ್ ಹೋದಾಗ ಅದು ಹೇಗೆ ತಣ್ಣಗಾಗುತ್ತೆ ಅಂತ ತೋರಿಸಬೇಕು’ ಅಂದಳು.

ರಿಯಾಕ್ಟರ್ ನಿಲ್ಲಿಸಿದ ತಕ್ಷಣ ಬಿಸಿ ನಿಲ್ಲುವುದಿಲ್ಲ. ಆ ಕ್ಷಣಕ್ಕೆ ಪೂರ್ತಿ ಶಾಖದ ಶೇ. 6-7ರಷ್ಟು ಇನ್ನೂ ಹುಟ್ಟುತ್ತಿರುತ್ತದೆ. ಗಂಟೆ ಕಳೆದರೂ ಶೇ. 1ಕ್ಕಿಂತ ಜಾಸ್ತಿ. 2011ರಲ್ಲಿ ಫುಕುಶಿಮಾದ ಡೀಸೆಲ್ ಜನರೇಟರ್‌ಗಳಿಗೆ ಸುನಾಮಿ ನೀರು ನುಗ್ಗಿ ಪಂಪ್‌ಗಳು ನಿಂತಾಗ ರಿಯಾಕ್ಟರ್‌ಗಳನ್ನು ಕೆಡಿಸಿದ್ದು ಈ ಉಳಿದ ಬಿಸಿಯೇ. ಅಂದರೆ ಪಂಪ್ ಇಲ್ಲದೆ ನೀರು ಸುತ್ತಬೇಕು. ಅಯ್ಯೋ, ಇದು ನನ್ನ ದಿನದ ಕೆಲಸ ಅಲ್ವಾ! ಟೆರೇಸ್ ಮೇಲಿನ ಹೀಟರ್‌ಗೆ ಯಾವ ಪಂಪ್ ಇದೆ? ಬಿಸಿನೀರು ಹಗುರ, ಟ್ಯಾಂಕ್‌ಗೆ ಏರುತ್ತದೆ. ತಣ್ಣೀರು ಭಾರ, ಇಳಿಯುತ್ತದೆ.

ಸ್ಟೀಲ್ ಡಬ್ಬಕ್ಕೆ ಹಳೆ ಗೀಸರ್ ಕಾಯಿಲ್ ಕೂರಿಸಿ ಅರ್ಥಿಂಗ್ ಕೊಟ್ಟೆ. ಮೂರಡಿ ಮೇಲೆ ಸ್ಟೀಲ್ ಬಕೆಟ್. ನಡುವೆ ಎರಡು ಪಾರದರ್ಶಕ ಪೈಪು. ಬಕೆಟ್ಟಿಗೆ ಪೊಟ್ಯಾಸಿಯಂ ಪರ್ಮಾಂಗನೇಟಿನ ನಾಲ್ಕು ಹರಳು.

ಸ್ವಿಚ್ ಹಾಕಿದರೆ ಡಬ್ಬ ಗೊಳಗೊಳ ಅಂತು, ಬಣ್ಣ ಇದ್ದಲ್ಲೇ ಇತ್ತು. ಬಿಸಿಗೆ ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಜೋತುಬಿದ್ದು, ಉಬ್ಬಿದ ಕಡೆ ಗಾಳಿ ಕೂತಿತ್ತು. ಏರ್ ಲಾಕ್. ನಮ್ಮ ಹುಡುಗರಿಗೆ ದಿನಾ ಬೈಯುವ ತಪ್ಪನ್ನು ನಾನೇ ಮಾಡಿದ್ದೆ! ಬಿಸಿ ಪೈಪು ಎಲ್ಲೂ ಇಳಿದು ಏಳಬಾರದು, ಅದರ ಬಾಯಿ ಬಕೆಟ್ಟಿನ ನೀರೊಳಗೇ ಇರಬೇಕು. ಸಿಲಿಕೋನ್ ಪೈಪು ತಂದು ಮರದ ಪಟ್ಟಿಗೆ ಬಿಗಿದೆ. ಈ ಸಲ ನೇರಳೆ ಬಣ್ಣ ದಾರದ ಹಾಗೆ ತಣ್ಣೀರಿನ ಪೈಪಲ್ಲಿ ಇಳಿಯಿತು. ಮಗಳು ಕುಣಿದಳು.

ಅರ್ಧ ಗಂಟೆಗೆ ಬಕೆಟ್ ನೀರೇ ಕೈ ಸುಡುವಂತಾಯಿತು. ಸುತ್ತು ನಿಂತಿರಲಿಲ್ಲ. ಆದರೆ ಕೆಳಗಿನ ಬಿಸಿ ಮೇಲೆ ಬಂದು ಕೂತಿತ್ತೇ ಹೊರತು ಎಲ್ಲೂ ಹೋಗಿರಲಿಲ್ಲ. ಸ್ವಿಚ್ ಆರಿಸಿ, ಒಂದು ಚೊಂಬು ಬಿಸಿ ತೆಗೆದು ಒಂದು ಚೊಂಬು ತಣ್ಣೀರು ಹಾಕಿದಳು. ‘ಅಪ್ಪಾ, ಅಲ್ಲಿ ಹಾಕೋರು ಯಾರು?’

ಉತ್ತರ ಹುಡುಕಿದವಳೂ ಅವಳೇ. 1993ರ ಮಾರ್ಚ್ 31, ಉತ್ತರ ಪ್ರದೇಶದ ನರೋರಾ ಅಣು ಸ್ಥಾವರ. ಟರ್ಬೈನ್ ಅಲಗು ಮುರಿದು ಬೆಂಕಿ ಬಿತ್ತು, ಕೇಬಲ್ ಸುಟ್ಟಿತು, ಸುಮಾರು 17 ಗಂಟೆ ಕರೆಂಟಿಲ್ಲ. ಒಳಗೆ ಬಿಸಿ ಹೊರುವ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ತಾನೇ ಸುತ್ತುತ್ತಿತ್ತು, ಯಾಕೆಂದರೆ ಆ ಬಿಸಿಯಲ್ಲಿ ಬೇರೆ ನೀರನ್ನು ಆವಿ ಮಾಡುವ, ನಮ್ಮ ಬಕೆಟ್ಟಿನಂಥ ಸ್ಟೀಮ್ ಜನರೇಟರ್‌ಗಳು ರಿಯಾಕ್ಟರ್‌ಗಿಂತ ಎತ್ತರದಲ್ಲಿವೆ. ನಮ್ಮ ಕೈಗಾದಲ್ಲೂ ಹಾಗೇ. ಆ ಸ್ಟೀಮ್ ಜನರೇಟರ್‌ಗಳಿಗೆ ತಣ್ಣೀರು ತುಂಬಿದ್ದು ಮಾತ್ರ ಬೆಂಕಿ ಆರಿಸುವ ಡೀಸೆಲ್ ಪಂಪ್. ಈಚಿನ, ಗುಜರಾತಿನ ಕಾಕ್ರಾಪಾರದ 700 ಮೆಗಾವ್ಯಾಟ್ ಘಟಕಗಳಲ್ಲಿ ಇದಕ್ಕೆಂದೇ ಎತ್ತರದಲ್ಲಿ ನೀರಿನ ಟ್ಯಾಂಕ್ ಇಟ್ಟಿದ್ದಾರೆ.

ಪ್ರದರ್ಶನದ ದಿನ ನೋಡಿದರೆ ಚೊಂಬಿಗೆ ಚೀಟಿ ಅಂಟಿಸಿದ್ದಳು: ‘ಡೀಸೆಲ್ ಪಂಪ್’.